ಕ್ಲೋರೋಫಾರ್ಮಿನ ಆಚೆಯ ನೋವು

ಶಹಾಬಾದಿನ ಕಲ್ಲುಖಣಿಯಲ್ಲಿ ಬೆನ್ನು ಸವೆಸಿಕೊಂಡ ನಮ್ಮ ಸೋದರಮಾವ ಶಸ್ತ್ರಕ್ರಿಯೆಯ ಮರುದಿನ ಹೇಳಿದ್ದರು: “ಕೊಯ್ಯಾಗ ತಿಳೀಲಿಲ್ಲೋ ತಮ್ಮಾ, ಎಚ್ಚರಾದ ಮ್ಯಾಲ ತಿಳೀತು.”

ಈ ಮಾತಿಗೊಂದು ಇತಿಹಾಸವುಂಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳು ನಿಜಾಮರ ಆಳಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ, ರಾಜಧಾನಿ ಹೈದರಾಬಾದಿನಲ್ಲಿ ಎರಡು ಕ್ಲೋರೋಫಾರ್ಮ್ ಆಯೋಗಗಳು ಕೂಡಿದವು. ಮುಂದಾಳು ಎಡ್ವರ್ಡ್ ಲಾರಿ. ಆ ಔಷಧ ಮೊದಲು ನಿಲ್ಲಿಸುವುದು ಉಸಿರನ್ನೋ ಗುಂಡಿಗೆಯನ್ನೋ? ನಾಯಿ, ಕೋತಿಗಳ ಮೇಲೆ ಪ್ರಯೋಗಿಸಿ, ಉಸಿರನ್ನೇ ಎಂದರು. ಗುಂಡಿಗೆಯೂ ಹಠಾತ್ತನೆ ನಿಲ್ಲಬಹುದೆಂದು 1911ರಲ್ಲಿ ಲೆವಿ ತೋರಿಸಿದ. ಎದ್ದ ಮೇಲಿನ ನೋವು ಆ ವಾದದಲ್ಲಿರಲಿಲ್ಲ. ರೋಗಿ ಬದುಕಿದರೆ ಸಾಕೆಂಬ ಕಾಲ; ತಪ್ಪೆನ್ನಲಾರೆ.

ಹಳೆಯ ನೋವುಳ್ಳವರ ನರಗಳು ಮೊದಲೇ ಕೆರಳಿರುತ್ತವೆ. ವರ್ಷಗಟ್ಟಲೆ ಅಫೀಮು ಜಾತಿಯ ಗುಳಿಗೆ ನುಂಗಿದವರಿಗೆ ವಾಡಿಕೆಯ ಪ್ರಮಾಣ ಸಾಲದು. ಅದನ್ನು ಥಟ್ಟನೆ ನಿಲ್ಲಿಸಿದರೆ ನಡುಕ, ಬೆವರು ಬೇರೆ. ಹೆಚ್ಚು ಕೇಳಿದರೆ ಚಟವೆಂಬ ಸಂಶಯ. 1985ರ ಮಾದಕದ್ರವ್ಯ ಕಾಯಿದೆಯ ಬಳಿಕ ಮಾರ್ಫಿನ್ ಆಸ್ಪತ್ರೆಗಳಲ್ಲೂ ದುರ್ಲಭವಾಯಿತು. 2014ರ ತಿದ್ದುಪಡಿ ಆ ಬಿಗಿಯನ್ನು ಕೊಂಚ ಸಡಿಲಿಸಿತು.

ಮಾವನ ಎರಡನೆಯ ಶಸ್ತ್ರಕ್ರಿಯೆಗೆ ಮುನ್ನ ನಿತ್ಯದ ಗುಳಿಗೆಗಳ ಚೀಟಿಯನ್ನು ಅರಿವಳಿಕೆ ವೈದ್ಯರ ಕೈಗಿತ್ತೆವು. ಅವರು ಗುಳಿಗೆ ಮುಂದುವರಿಸಿ, ಗಾಯದ ಭಾಗದ ನರಗಳನ್ನೂ ಮರಗಟ್ಟಿಸಿದರು. ಆ ರಾತ್ರಿ ಮಾವ ನಿದ್ದೆ ಮಾಡಿದರು.