ಬಾರೋನ್ ರಿಕಾಸೊಲಿಯ ಒಂದು ವಾಕ್ಯ

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಗುಡ್ಡಸೀಮೆಗೆ ಕಿಯಾಂಟಿ ಎಂದು ಹೆಸರು. ಅಲ್ಲಿಯ ಕೆಂಪು ದ್ರಾಕ್ಷಾಮದ್ಯಕ್ಕೂ ಅದೇ ಹೆಸರು. ಮದ್ಯದ ಮಾತು ಬಾನುಲಿಯಲ್ಲೇಕೆ ಎಂದು ಕೇಳುಗರಲ್ಲಿ ಕೆಲವರಾದರೂ ಹುಬ್ಬೇರಿಸಿಯಾರು. ಗ್ರಂಥಪಾಠಗಳೊಡನೆ ಆಯುಷ್ಯ ಕಳೆದವನಿಗೆ ಇದರಲ್ಲಿ ಆಸಕ್ತಿ ಹುಟ್ಟಿಸಿದ್ದು ಒಂದು ಪತ್ರ. ಅದರಲ್ಲಿಯೂ ಒಂದೇ ಒಂದು ವಾಕ್ಯ.

1716ರಲ್ಲಿ ಟಸ್ಕನಿಯ ಮಹಾಪ್ರಭು ಮೂರನೆಯ ಕೋಸಿಮೊ ಮೆದಿಚಿ ಒಂದು ಶಾಸನ ಹೊರಡಿಸಿ ಕಿಯಾಂಟಿಯ ಎಲ್ಲೆಕಟ್ಟನ್ನು ಗೊತ್ತುಪಡಿಸಿದ. ನೆಲಕ್ಕೆ ಗಡಿ ಬಂದಿತು. ಮದ್ಯ ಹೇಗಿರಬೇಕೆಂಬುದು ಮಾತ್ರ ಬೆಳೆಗಾರರ ಇಚ್ಛೆಗೇ ಉಳಿಯಿತು. ಅದನ್ನು ಚಿಂತಿಸಿದವನು ಬ್ರೋಲಿಯೊ ಕೋಟೆಯ ಒಡೆಯ ಬಾರೋನ್ ಬೆತ್ತಿನೊ ರಿಕಾಸೊಲಿ. ಕವೂರ್ ತೀರಿಕೊಂಡ ಮೇಲೆ, 1861ರಲ್ಲಿ, ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾದವನು ಈತನೇ. ಉಕ್ಕಿನ ಬಾರೋನ್ ಎಂದು ಜನ ಕರೆಯುತ್ತಿದ್ದ ಈ ಕಠಿಣ ಮನುಷ್ಯ ತನ್ನ ತೋಟದಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆಸಿ, 1872ರಲ್ಲಿ ಪೀಸಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸ್ತುದಿಯಾತಿಯವರಿಗೆ ಪತ್ರ ಬರೆದ. ಅದರ ಸಾರ ಇಷ್ಟು: ಸಾಂಜೋವೇಸೆ ಎಂಬ ಕಪ್ಪು ದ್ರಾಕ್ಷಿಯಿಂದ ಪರಿಮಳ ಮತ್ತು ಕಸುವು, ಕನಾಯೋಲೊ ದ್ರಾಕ್ಷಿಯಿಂದ ಆ ಒರಟುತನವನ್ನು ತಗ್ಗಿಸುವ ಮಾರ್ದವ, ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿ ಮದ್ಯವನ್ನು ತೆಳುವಾಗಿಸಿ ನಿತ್ಯದ ಊಟಕ್ಕೆ ಒಗ್ಗಿಸುತ್ತದೆ, ಆದರೆ ಬಹುಕಾಲ ಇಟ್ಟು ಹಳತಾಗಿಸುವ ಮದ್ಯಕ್ಕೆ ಅದನ್ನು ಬಿಟ್ಟರೂ ನಡೆಯುತ್ತದೆ.

ನಿತ್ಯದ ಊಟವೆಂದರೆ ಅಲ್ಲಿ ಏನು? ಉಪ್ಪಿಲ್ಲದ ಬ್ರೆಡ್ಡು, ಆಲಿವ್ ಎಣ್ಣೆ ಹಾಕಿದ ಬಿಳಿಯ ಬೀನ್ಸ್ ಕಾಳು, ಕುರಿಹಾಲಿನ ಗಿಣ್ಣು, ಟೊಮೇಟೊದಲ್ಲಿ ತಂಗಳು ಬ್ರೆಡ್ಡನ್ನು ಬೇಯಿಸಿದ ಗಂಜಿಯಂಥ ತಿನಿಸು. ರಿಬೊಲ್ಲಿತಾ ಎಂಬುದೊಂದು ಸೊಪ್ಪು, ಕಾಳು, ಬ್ರೆಡ್ಡುಗಳ ಸಾರು. ಹೆಸರಿನ ಅರ್ಥವೇ ‘ಮತ್ತೆ ಕುದಿಸಿದ್ದು’. ಬಡತನದ ಈ ಜಾಣ್ಮೆ ನಮ್ಮ ಅಡಿಗೆಮನೆಗಳಿಗೂ ಅಪರಿಚಿತವಲ್ಲ. ಸಾಂಜೋವೇಸೆಯ ಪ್ರಧಾನ ಗುಣಗಳು ನಮ್ಮ ಷಡ್ರಸಗಳಲ್ಲಿ ಎರಡು: ಹುಳಿ ಮತ್ತು ಒಗರು. ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ, ಟೊಮೇಟೊದ ಹುಳಿಯ ಎದುರು ಸಪ್ಪೆಯಾಗುವುದಿಲ್ಲ. ಒಗರಿಗೆ ಕೊಬ್ಬು ಬೇಕು. ಆದುದರಿಂದಲೇ ಕೆಂಡದ ಮೇಲೆ ಸುಟ್ಟ ಫ್ಲಾರೆನ್ಸಿನ ದಪ್ಪ ಗೋಮಾಂಸಕ್ಕೆ ಹಳತಾದ ಕಿಯಾಂಟಿಯೇ ತಕ್ಕ ಜೊತೆ. ಆದರೆ ಆ ಮಾಂಸವಾಗಲಿ ಒಳ್ಳೆಯ ಮದ್ಯವಾಗಲಿ ಅರ್ಧಪಾಲಿಗೆ ದುಡಿಯುವ ಗೇಣಿದಾರನ ದಿನದ ಭಾಗ್ಯವಲ್ಲ. ರಸ ಹಿಂಡಿದ ಸಿಪ್ಪೆಯ ಮೇಲೆ ನೀರು ಸುರಿದು ತೆಗೆದ ತೆಳು ಪಾನೀಯವೇ ಎಷ್ಟೋ ಮನೆಗಳಲ್ಲಿ ಅವನ ಪಾಲು.

ಬಾರೋನನ ಪತ್ರ ಕ್ರಮೇಣ ಸೂತ್ರವಾಯಿತು. ಸೂತ್ರಕ್ಕೆ ಒದಗುವ ವಿಪತ್ತು ಇದಕ್ಕೂ ಒದಗಿತು: ‘ಬಿಟ್ಟರೂ ನಡೆಯುತ್ತದೆ’ ಎಂಬ ಮಾತು ಬಿದ್ದುಹೋಯಿತು. 1967ರ ಸರ್ಕಾರಿ ನಿಯಮ ಶೇಕಡಾ 10ರಿಂದ 30ರಷ್ಟು ಬಿಳಿ ದ್ರಾಕ್ಷಿಯನ್ನು ಕಡ್ಡಾಯ ಮಾಡಿತು. ಮಾಲ್ವಾಸಿಯಾದ ಜೊತೆಗೆ, ಹೇರಳವಾಗಿ ಫಲ ಕೊಟ್ಟು ರುಚಿಯಲ್ಲಿ ಸಪ್ಪೆಯಾದ ಟ್ರೆಬ್ಬಿಯಾನೊ ಸಹ ಕೊಪ್ಪರಿಗೆ ಸೇರಿತು. ಹುಲ್ಲು ಹೆಣೆದ, ಫಿಯಾಸ್ಕೊ ಎಂಬ ಅಂದದ ಕುಪ್ಪಿಯಲ್ಲಿ ನೀರುನೀರಾದ ಕಿಯಾಂಟಿ ಲೋಕವೆಲ್ಲ ಸುತ್ತಿತು. ಕುಪ್ಪಿ ಕೊನೆಗೆ ಮೇಣದ ಬತ್ತಿ ನಿಲ್ಲಿಸುವ ಕಂಬವಾಯಿತು. ಸೋಲಿಗೂ ಅದೇ ಶಬ್ದವಿರುವುದು ವಿಧಿಯ ವಿನೋದವೇ ಸರಿ.

ನಿಯಮ ಮುರಿದವರು ಹಳಬರೇ. 1385ರಿಂದ ಈ ವೃತ್ತಿಯಲ್ಲಿದ್ದ ಅಂತಿನೋರಿ ಮನೆತನ ತನ್ನ ತಿನ್ಯಾನೆಲ್ಲೊ ತೋಟದ 1971ರ ಮದ್ಯವನ್ನು ಕಿಯಾಂಟಿ ಎಂಬ ಹೆಸರನ್ನೇ ತೊರೆದು ಮಾರಿತು. 1975ರ ಹೊತ್ತಿಗೆ ಬಿಳಿ ದ್ರಾಕ್ಷಿಯನ್ನೂ ಪೂರ್ತಿ ಕೈಬಿಟ್ಟಿತು. ದರ್ಜೆಯಲ್ಲಿ ಅದು ಕೇವಲ ‘ಮೇಜಿನ ಮದ್ಯ’. ಬೆಲೆಯಲ್ಲಿ ಕಿಯಾಂಟಿಗಿಂತ ಬಹಳ ಮೇಲೆ. 1984ರಲ್ಲಿ ಸರ್ಕಾರ ಬಿಳಿಯ ಪ್ರಮಾಣವನ್ನು ಬಹುವಾಗಿ ಇಳಿಸಿತು. ಕಿಯಾಂಟಿ ಕ್ಲಾಸಿಕೊ ಎಂಬ ಮೂಲಸೀಮೆಯಲ್ಲಿ 1996ರಿಂದ ಶುದ್ಧ ಸಾಂಜೋವೇಸೆಗೆ ಅನುಮತಿ ದೊರೆಯಿತು. 2006ರ ಬೆಳೆಯಿಂದ ಬಿಳಿ ದ್ರಾಕ್ಷಿಗೆ ಅಲ್ಲಿ ಪೂರ್ಣ ನಿಷೇಧ.

ಇದೂ ಬಾರೋನನ ವಾಕ್ಯದ ಅರ್ಧವನ್ನೇ ಪಾಲಿಸಿದಂತೆ. ಇನ್ನರ್ಧ ಕ್ಲಾಸಿಕೊದ ಗಡಿಯಾಚೆಗಿನ ಕಿಯಾಂಟಿಯಲ್ಲಿ ಉಳಿದಿದೆ. ಅಲ್ಲಿ ಸ್ವಲ್ಪ ಬಿಳಿ ದ್ರಾಕ್ಷಿ ಬೆರೆಸಲು ಇಂದಿಗೂ ಅವಕಾಶವಿದೆ. ಬೀನ್ಸ್ ಕಾಳಿನ ಸಾರಿಗೆ ಅಂಥ ಹಗುರ ಮದ್ಯವೇ ಸಾಕು.