ಡ್ಯಾಶ್‌ಬೋರ್ಡ್ ಮೆತ್ತಗಾದ ಕಥೆ

ಕಾರಿನ ಮುಂದಿನ ಸೀಟಲ್ಲಿ ಕೂತು ಇದನ್ನ ಕೇಳ್ತಾ ಇದ್ರೆ, ಎದುರಿಗಿರೋ ಡ್ಯಾಶ್‌ಬೋರ್ಡನ್ನ ಒಂದ್ಸಲ ಮುಟ್ಟಿ ನೋಡಿ. ಡ್ರೈವ್ ಮಾಡ್ತಿರೋರು ಬೇಡ, ಪಕ್ಕದಲ್ಲಿರೋರು! ಪ್ಲಾಸ್ಟಿಕ್ಕೋ, ಅದರ ಮೇಲೊಂದು ಮೆತ್ತನೆ ಪದರವೋ ಕೈಗೆ ಸಿಗುತ್ತೆ. 1950ರ ಸುಮಾರಿನ ಅಮೆರಿಕದ ಕಾರುಗಳಲ್ಲಿ ಈ ಜಾಗದಲ್ಲಿ ಸಾಮಾನ್ಯವಾಗಿ ಇರ್ತಿದ್ದದ್ದು ಬಣ್ಣ ಬಳಿದ ಉಕ್ಕು. ಅದರ ಮೇಲೆ ಫಳಫಳ ಹೊಳೆಯೋ ಕ್ರೋಮ್ ಪಟ್ಟಿ, ಹೊರಗೆ ಚಾಚಿಕೊಂಡ ಗುಬುಟುಗಳು. ಸೀಟ್ ಬೆಲ್ಟ್? ಇಲ್ಲ.

ನೋಡೋಕೆ ಚಂದ, ನಿಜ. ಆದ್ರೆ ಬ್ರೇಕ್ ಜೋರಾಗಿ ಬಿದ್ರೆ ಮುಖ ಹೋಗಿ ಬಡಿಯೋದು ಅಲ್ಲಿಗೇ.

ಡ್ಯಾಶ್‌ಬೋರ್ಡ್ ಅನ್ನೋ ಹೆಸರು ಬಂದಿದ್ದು ಕುದುರೆಗಾಡಿಯಿಂದ. ಕುದುರೆಯ ಗೊರಸಿಂದ ಚಿಮ್ಮೋ ಕೆಸರು ಗಾಡಿಯಲ್ಲಿ ಕೂತವರಿಗೆ ಸಿಡೀಬಾರ್ದು ಅಂತ ಅಡ್ಡ ಇಡ್ತಿದ್ದ ಹಲಗೆ ಅದು. ಕೂತವರನ್ನ ಕಾಪಾಡೋಕೆ ಹುಟ್ಟಿದ ಹಲಗೆಯೇ ಕಾರಿಗೆ ಬಂದ ಮೇಲೆ ಅವರ ಮುಖ ಒಡೀತು.

ಆ ಒಡೆದ ಮುಖಗಳನ್ನ ಹೊಲೀತಿದ್ದವರಲ್ಲಿ ಒಬ್ಬರು ಡೆಟ್ರಾಯಿಟ್‌ನ ಪ್ಲಾಸ್ಟಿಕ್ ಸರ್ಜನ್ ಕ್ಲೇರ್ ಸ್ಟ್ರೇತ್. ಕಾರು ತಯಾರಾಗೋ ಊರು, ಅದೇ ಊರಿನ ಆಸ್ಪತ್ರೆಗೆ ಕಾರಲ್ಲಿ ಗಾಯಗೊಂಡವರು. ಗುಬುಟುಗಳನ್ನ ಒಳಕ್ಕೆ ಹುದುಗಿಸಿ, ಡ್ಯಾಶ್‌ಬೋರ್ಡಿಗೆ ಮೆತ್ತೆ ಹಾಕಿ ಅಂತ 1930ರ ದಶಕದಿಂದಲೇ ಅವರು ಹೇಳ್ತಾ ಬಂದ್ರು. ಡ್ರೈವರ್ ಪಕ್ಕದಲ್ಲಿ ಕೂತವರ ಗಾಯಗಳ ಬಗ್ಗೆ 1948ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ್ರು. ಅದೇ ವರ್ಷದ ಟಕರ್ ಕಾರಿನಲ್ಲಿ ಮೆತ್ತೆ ಇತ್ತು, ಆದ್ರೆ ಒಟ್ಟು ತಯಾರಾಗಿದ್ದೇ 51 ಕಾರು.

ದೊಡ್ಡ ಕಂಪನಿಗಳ ಪೈಕಿ ಫೋರ್ಡ್ 1956ರಲ್ಲಿ ಸುರಕ್ಷತೆಯನ್ನೇ ಜಾಹೀರಾತು ಮಾಡ್ತು. ಆಗ ಆ ವಿಭಾಗದ ಮುಖ್ಯಸ್ಥರು ರಾಬರ್ಟ್ ಮ್ಯಾಕ್‌ನಮಾರಾ (ಹೌದು, ಮುಂದೆ ವಿಯೆಟ್ನಾಂ ಯುದ್ಧದ ಕಾಲಕ್ಕೆ ಅಮೆರಿಕದ ರಕ್ಷಣಾ ಸಚಿವರಾದವರೇ). ಮೆತ್ತನೆ ಡ್ಯಾಶ್‌ಬೋರ್ಡ್ ಬೇಕಾ? ಕೊಡ್ತೀವಿ, ಎಕ್ಸ್‌ಟ್ರಾ ದುಡ್ಡು ಕೊಡಿ ಅನ್ನೋ ಲೆಕ್ಕ. ಆ ವರ್ಷ ಷೆವ್ರೊಲೆ ಹೆಚ್ಚು ಮಾರಾಟವಾಯ್ತು. ಸುರಕ್ಷತೆ ಮಾರಾಟ ಆಗಲ್ಲ ಅನ್ನೋ ಮಾತು ಉದ್ಯಮದಲ್ಲಿ ಗಟ್ಟಿಯಾಯ್ತು. ನನಗೆ ಇದು ನೆಪ ಅನ್ಸುತ್ತೆ. ಮುಖ ಉಳಿಸೋ ವಸ್ತುವನ್ನ ರೇಡಿಯೋ ಥರ ಐಚ್ಛಿಕ ಮಾಡಿದ್ದೇ ತಪ್ಪು.

1965ರಲ್ಲಿ ರಾಲ್ಫ್ ನೇಡರ್ ತಮ್ಮ ಪುಸ್ತಕದಲ್ಲಿ ಡ್ಯಾಶ್‌ಬೋರ್ಡಿನ ಹೊಳಪನ್ನೂ ಬಿಡಲಿಲ್ಲ. ಕ್ರೋಮ್ ಮೇಲೆ ಬಿದ್ದ ಬಿಸಿಲು ಡ್ರೈವರ್ ಕಣ್ಣಿಗೆ ಹೊಡೆಯುತ್ತೆ, ಇದು ಕಂಪನಿಗಳಿಗೆ ಗೊತ್ತಿದ್ದೂ ಸುಮ್ಮನಿದ್ದಾರೆ ಅಂತ ಬರೆದ್ರು. 1966ರಲ್ಲಿ ಕಾನೂನು ಬಂತು. 1968ರ ಜನವರಿ 1ರಿಂದ ಕಾರಿನ ಒಳಭಾಗಕ್ಕೂ ನಿಯಮ ಜಾರಿಯಾಯ್ತು. ಆಗ ಅದರ ಪರೀಕ್ಷೆ ಹೀಗಿತ್ತು: 6.8 ಕೆಜಿಯ ತಲೆಯಾಕಾರದ ತೂಕವನ್ನ ಗಂಟೆಗೆ 24 ಕಿ.ಮೀ. ವೇಗದಲ್ಲಿ ಡ್ಯಾಶ್‌ಬೋರ್ಡಿಗೆ ಬಡೀತಿದ್ರು, ಆ ತಲೆ ಎಷ್ಟು ಮೆಲ್ಲಗೆ ನಿಲ್ಲುತ್ತೆ ಅಂತ ಅಳೀತಿದ್ರು.

ಈಗ ಹಳೇ ಕಾರುಗಳನ್ನ ಮತ್ತೆ ಹೊಸದರಂತೆ ಮಾಡೋ ಹವ್ಯಾಸಿಗಳ ಗ್ಯಾರೇಜಿಗೆ ಬನ್ನಿ. ಅಷ್ಟು ಹೋರಾಡಿ ಬಂದ ಆ ಮೆತ್ತೆಯೇ ಅಲ್ಲಿ ಬಿರುಕು ಬಿಟ್ಟಿರುತ್ತೆ. ಮೇಲಿನ ವಿನೈಲನ್ನ ಮೆತ್ತಗಿಡೋ ರಾಸಾಯನಿಕ ಬಿಸಿಲಿಗೆ ನಿಧಾನಕ್ಕೆ ಆರಿ ಹೋಗುತ್ತೆ, ಕೆಳಗಿನ ಫೋಮ್ ಪುಡಿಯಾಗುತ್ತೆ. ಬ್ಯಾಟರಿ ತಂತಿ ಬಿಚ್ಚಬೇಕು, ಸ್ಪೀಡೋಮೀಟರ್ ಕೇಬಲ್ ಕಳಚಬೇಕು, ಒಂದೊಂದು ವೈರಿಗೂ ಫೋನಲ್ಲಿ ಫೋಟೋ ತೆಗೀಬೇಕು. ಕ್ರೋಮ್ ಪಟ್ಟಿ ಹಿಡಿದಿರೋ ಕ್ಲಿಪ್ಪು ಎಳೆದ್ರೆ ಪಟ್ ಅಂತ ಮುರಿಯುತ್ತೆ. ಕಡಿಮೆ ಖರ್ಚಿನ ದಾರಿ, ಮೇಲೊಂದು ತೆಳು ಪ್ಲಾಸ್ಟಿಕ್ ಕವಚ ಅಂಟಿಸೋದು. ದೂರದಿಂದ ಹೊಸದೇ ಅನ್ಸುತ್ತೆ, ಒಳಗಿರೋದು ಅದೇ ಪುಡಿ ಫೋಮ್. ಫೋಮ್ ಸಮೇತ ಹೊಸ ಮೆತ್ತೆ ಹಾಕಿಸಿದ್ರೆ ದುಡ್ಡು ಜಾಸ್ತಿ.

ಇನ್ನು 1950ರ ಕಾರು ಇಟ್ಟುಕೊಂಡವರ ಪಾಡು ಬೇರೆ. ಕಾರ್ಖಾನೆಯಿಂದ ಹೊರಟ ಹಾಗೇ ಇರ್ಬೇಕು ಅನ್ನೋ ಪ್ರದರ್ಶನಕ್ಕೆ ಹೋಗೋದಾದ್ರೆ ಮೆತ್ತೆ ಹಾಕೋ ಹಾಗಿಲ್ಲ. ಅವರು ಉಕ್ಕಿಗೆ ಬಣ್ಣ ಬಳೀತಾರೆ, ಕ್ರೋಮ್ ಗುಬುಟುಗಳನ್ನ ಉಜ್ಜಿ ಉಜ್ಜಿ ಹೊಳಪು ಮಾಡ್ತಾರೆ. ಆಮೇಲೆ ಕೆಲವರು ಸೀಟಿನ ಕೆಳಗೆ, ಕಣ್ಣಿಗೆ ಬೀಳದ ಹಾಗೆ, ಒಂದು ಬೆಲ್ಟ್ ಕೂರಿಸ್ತಾರೆ.