ತಂತಿ ಮುಟ್ಟದ ನೆಲ, ತಂತಿ ಮುಟ್ಟದ ಜಲ: ಉಪಗ್ರಹ ಸಂಪರ್ಕದ ಚರಿತ್ರೆಯಲ್ಲಿ ರಾಯಚೂರು ಸೀಮೆ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಗೆ ಸೇರಿದ ಗೊರೇಬಾಳದಂತಹ ಗ್ರಾಮದಲ್ಲಿ ನಿಂತು, ಸಮುದ್ರಯಾನ ಮಾಡುವ ಪ್ರವಾಸಿಗಳ ದೂರವಾಣಿಯ ವಿಚಾರವನ್ನು ಎತ್ತುವುದು ಮೇಲ್ನೋಟಕ್ಕೆ ಅಸಂಗತವೆಂದು ತೋರಬಹುದು. ಇಲ್ಲಿಂದ ಪಶ್ಚಿಮ ಸಮುದ್ರವು ಸುಮಾರು ೩೦೦ ಕಿಲೋಮೀಟರುಗಳ ದೂರದಲ್ಲಿದೆ. ಇಲ್ಲಿಯ ಬೇಸಾಯಗಾರನು ನಿತ್ಯ ಕಾಣುವ ಜಲವೆಂದರೆ ತುಂಗಭದ್ರೆಯ ಎಡದಂಡೆಯ ಕಾಲುವೆಯದು. ಆದರೂ ಒಣಭೂಮಿಯ ಹಳ್ಳಿಗೂ ನಡುಗಡಲಿನ ಹಡಗಿಗೂ ಒಂದು ಸಾಮ್ಯವುಂಟು. ಎರಡೂ ತಂತಿಯು ಸುಲಭವಾಗಿ ತಲುಪದ ತಾಣಗಳು. ಈ ಕಾರಣದಿಂದಲೇ ಉಪಗ್ರಹ ಸಂಪರ್ಕದ ಚರಿತ್ರೆಯಲ್ಲಿ ಅವೆರಡೂ ಬಹುಮಟ್ಟಿಗೆ ಏಕಕಾಲದಲ್ಲಿ ಕಾಣಿಸಿಕೊಂಡವು. ಈ ಪ್ರಬಂಧದಲ್ಲಿ ನಾವು ಆ ಎರಡು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಲು ಯತ್ನಿಸಿದ್ದೇವೆ.

ದೂರದ ಸಂದೇಶವು ಈ ಸೀಮೆಗೆ ಹೊಸದೇನಲ್ಲ. ೧೯೧೫ರಲ್ಲಿ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬುವರು ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನವು ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. 'ದೇವಾನಾಂಪ್ರಿಯ'ನೆಂದು ತನ್ನನ್ನು ಕರೆದುಕೊಂಡ ದೊರೆಯು ಅಶೋಕನೇ ಎಂಬುದನ್ನು ಹೆಸರು ಹಿಡಿದು ಸ್ಥಿರಪಡಿಸಿದ ಮೊದಲ ಶಾಸನವೆಂದು ಅದು ಪ್ರಸಿದ್ಧವಾಗಿದೆ. ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿ ಬಂದ ಆ ಮಾತು ಇಲ್ಲಿಯ ಜನಕ್ಕೆ ಮುಟ್ಟಬೇಕಾದರೆ ಓದಿ ಹೇಳುವವನೊಬ್ಬನು ಬೇಕಾಗಿತ್ತು. ಮರುಮಾತನ್ನು ಹೊತ್ತೊಯ್ಯುವ ಸಾಧನವು ಬಂಡೆಯಲ್ಲಿರಲಿಲ್ಲ. ಸಂದೇಶವು ತಲುಪಿತೇ ಎಂಬುದು ಒಂದು ಪ್ರಶ್ನೆ. ತಲುಪಿದವನು ಉತ್ತರಿಸಬಲ್ಲನೇ ಎಂಬುದು ಇನ್ನೊಂದು. ಸಂಪರ್ಕಸಾಧನಗಳ ಚರಿತ್ರೆಯನ್ನು ಬರೆಯುವವರು ಬಹುತೇಕ ಮೊದಲನೆಯದಕ್ಕೇ ನಿಲ್ಲುತ್ತಾರೆ. ನಮಗೆ ಎರಡನೆಯದೂ ಅಷ್ಟೇ ಮುಖ್ಯವಾಗಿ ಕಂಡಿದೆ.

೧. ಹಡಗಿನ ನಿಸ್ತಂತು

ಕಡಲಿಗೆ ನಿಸ್ತಂತು ವಾರ್ತೆಯು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಪ್ರವಾಸಿಗಳ ಅನುಕೂಲಕ್ಕೂ ಹಡಗಿನ ಕ್ಷೇಮಕ್ಕೂ ನಡುವೆ ಅಂದೇ ತಿಕ್ಕಾಟವಿತ್ತೆಂಬುದಕ್ಕೆ 'ಟೈಟಾನಿಕ್' ಹಡಗಿನ ದುರಂತವೇ ಸಾಕ್ಷಿ. ೧೯೧೨ರ ಏಪ್ರಿಲ್ ೧೪ರ ರಾತ್ರಿ ಆ ಹಡಗಿನ ನಿಸ್ತಂತು ನಿರ್ವಾಹಕ ಜಾಕ್ ಫಿಲಿಪ್ಸನು ಪ್ರವಾಸಿಗಳ ಖಾಸಗಿ ತಂತಿವಾರ್ತೆಗಳನ್ನು ಕೇಪ್ ರೇಸ್ ನಿಲಯಕ್ಕೆ ರವಾನಿಸುವುದರಲ್ಲಿ ಮಗ್ನನಾಗಿದ್ದನು. ಸಮೀಪದಲ್ಲಿದ್ದ 'ಕ್ಯಾಲಿಫೋರ್ನಿಯನ್' ಹಡಗು ಹಿಮಗಡ್ಡೆಗಳ ವಿಷಯವಾಗಿ ಎಚ್ಚರಿಕೆ ಕೊಡಲು ಬಂದಾಗ ಅದನ್ನು ಅಡ್ಡಿಯೆಂದು ತಿಳಿದು ನಿವಾರಿಸಿದನು. ಅತ್ತಲಿನ ನಿರ್ವಾಹಕನು ತನ್ನ ಯಂತ್ರವನ್ನು ನಿಲ್ಲಿಸಿ ಮಲಗಿದನು. ಸುಮಾರು ೧,೫೦೦ ಜನರು ಮಡಿದ ಆ ಘಟನೆಯ ತರುವಾಯ, ೧೯೧೪ರಲ್ಲಿ, ಸಮುದ್ರದಲ್ಲಿ ಪ್ರಾಣರಕ್ಷಣೆಯನ್ನು ಕುರಿತ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ನಿಸ್ತಂತು ಯಂತ್ರದ ಬಳಿ ಸದಾ ಕಾವಲಿರಬೇಕೆಂಬ ತತ್ತ್ವಕ್ಕೆ ಅಲ್ಲಿಂದ ಮನ್ನಣೆ ದೊರೆಯಿತು.

ಆದರೆ ಭೂಮಿಯ ಮೇಲಿನ ನಿಸ್ತಂತು ತರಂಗಗಳು ಹವೆಯ, ಹೊತ್ತಿನ, ದೂರದ ವ್ಯತ್ಯಾಸಗಳಿಗೆ ಒಳಗಾಗಿದ್ದವು. ಆಕಾಶದಲ್ಲಿ ನಿಂತಂತೆ ತೋರುವ ನಿಲಯವೊಂದಿದ್ದರೆ ಈ ಕಷ್ಟವು ನೀಗುವುದೆಂದು ಆರ್ಥರ್ ಸಿ. ಕ್ಲಾರ್ಕನು ೧೯೪೫ರಲ್ಲಿಯೇ ಬರೆದಿದ್ದನು. ಸಮಭಾಜಕ ವೃತ್ತದ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯೊಡನೆ ಸಮವಾಗಿ ತಿರುಗುವುದರಿಂದ ನಮಗೆ ಸ್ಥಿರವಾಗಿ ಕಾಣುತ್ತದೆ. ಹಳ್ಳಿಯ ಚಾವಣಿಯ ಮೇಲಾಗಲಿ ಹಡಗಿನ ಅಟ್ಟದ ಮೇಲಾಗಲಿ ಒಂದು ಬೋಗುಣಿಯಾಕಾರದ ಗ್ರಾಹಕವನ್ನು ಅದರತ್ತ ತಿರುಗಿಸಿದರೆ ಸಾಕು. ಭೇದವಿಷ್ಟೇ: ಹಳ್ಳಿಯ ಗ್ರಾಹಕವು ಅಲುಗುವುದಿಲ್ಲ, ಹಡಗಿನದು ಅಲೆಯೊಡನೆ ಓಲಾಡುವುದರಿಂದ ಅದನ್ನು ಯಂತ್ರಗಳಿಂದ ಕ್ಷಣಕ್ಷಣವೂ ಸರಿಪಡಿಸುತ್ತಿರಬೇಕು.

೨. ೧೯೭೫ರ ಆಗಸ್ಟ್: ಹಳ್ಳಿಯ ಸರದಿ

ಈ ವಿದ್ಯೆಯು ಕನ್ನಡದ ಗ್ರಾಮೀಣ ಜನಕ್ಕೆ ಮೊದಲು ಪರಿಚಯವಾದದ್ದು ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಅಲ್ಲ. ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. ಇದನ್ನು ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ವಿಕ್ರಮ್ ಸಾರಾಭಾಯಿಯವರ ಪ್ರೇರಣೆಯಿಂದ ೧೯೬೯ರಲ್ಲಿ ಭಾರತ ಸರ್ಕಾರದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಂದು ಒಪ್ಪಂದವಾಯಿತು. ಅದರ ಫಲವನ್ನು ಕಾಣಲು ಅವರು ಉಳಿಯಲಿಲ್ಲ. ೧೯೭೧ರ ಡಿಸೆಂಬರಿನಲ್ಲಿ ತೀರಿಕೊಂಡರು. ೧೯೭೪ರ ಮೇ ೩೦ರಂದು ಹಾರಿದ ಎ.ಟಿ.ಎಸ್.-೬ ಎಂಬ ಉಪಗ್ರಹವನ್ನು ಮರುವರ್ಷ ಪೂರ್ವ ರೇಖಾಂಶ ೩೫ರ ಬಳಿಗೆ, ಎಂದರೆ ಆಫ್ರಿಕದ ಕೀನ್ಯಾ ದೇಶದ ಮೇಲಕ್ಕೆ, ಸರಿಸಲಾಯಿತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಅದರ ಮೂಲಕ ದೂರದರ್ಶನದ ಪಾಠ, ಕೃಷಿ, ಆರೋಗ್ಯ ಮೊದಲಾದ ಕಾರ್ಯಕ್ರಮಗಳು ಬಂದವು. ಇದೇ 'ಸೈಟ್' ಎಂದು ಹೆಸರಾದ ಪ್ರಯೋಗ.

ಉಪಗ್ರಹದಲ್ಲಿ ಸುಮಾರು ಒಂಬತ್ತು ಮೀಟರ್ ಅಗಲದ ಛತ್ರಿಯಿದ್ದುದರಿಂದ ಹಳ್ಳಿಯಲ್ಲಿ ಮೂರು ಮೀಟರ್ ಅಗಲದ, ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಗ್ರಾಹಕವೇ ಸಾಕಾಯಿತು. ನಮ್ಮ ಗಣನೆಯಂತೆ ರಾಯಚೂರು ಸೀಮೆಯಿಂದ ಅದು ದಿಗಂತದಿಂದ ಸುಮಾರು ೪೦ ಅಂಶ ಮೇಲೆ, ಪಶ್ಚಿಮದ ಕಡೆಗೆ ಮುಖ ಮಾಡಿರಬೇಕಾಗಿತ್ತು. ಒಂದು ಚಿತ್ರಕ್ಕೆ ಎರಡು ಧ್ವನಿವಾಹಿನಿಗಳಿದ್ದುದರಿಂದ ಒಂದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಕೇಳಿಸಬಹುದಾಗಿತ್ತು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ೧೯೫೬ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಜಿಲ್ಲೆಗೆ, ಏಕೀಕರಣವಾಗಿ ಎರಡು ದಶಕಗಳು ತುಂಬುವ ಹೊತ್ತಿಗೆ, ಕನ್ನಡವು ಮತ್ತೆ ಅದೇ ನಗರದಿಂದ ಆಕಾಶಮಾರ್ಗವಾಗಿ ಬಂದಿತೆಂಬುದು ಚರಿತ್ರಕಾರನು ಮರೆಯಬಾರದ ಸಂಗತಿ. ಬೆಳಗ್ಗೆ ಒಂದೂವರೆ ಗಂಟೆ ಶಾಲಾಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿನವರಿಗೆ ಪ್ರಸಾರ ನಡೆಯುತ್ತಿತ್ತು. ಆರು ರಾಜ್ಯಗಳಲ್ಲಿ ಸೇರಿ ಸುಮಾರು ೫೦,೦೦೦ ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಇದರ ಮೂಲಕ ವಿಜ್ಞಾನಬೋಧನೆಯ ತರಬೇತಿ ಪಡೆದರು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಮಾತೊಂದಿದೆ. ಹಡಗುಗಳೊಡನೆಯೂ ವಿಮಾನಗಳೊಡನೆಯೂ ಉಪಗ್ರಹದ ಮೂಲಕ ಸಂಪರ್ಕಿಸುವ ಪ್ರಯೋಗಗಳನ್ನೂ ಇದೇ ಎ.ಟಿ.ಎಸ್.-೬ರಿಂದ ನಡೆಸಲಾಗಿತ್ತು. ಹಳ್ಳಿಯ ದೂರದರ್ಶನವೂ ಹಡಗಿನ ದೂರವಾಣಿಯೂ ಹೀಗೆ ಒಂದೇ ಮನೆಯ ಕೂಸುಗಳು. ಆದರೆ ಅವುಗಳ ಮುಂದಿನ ಬಾಳು ಒಂದೇ ತೆರನಾಗಲಿಲ್ಲ. ಅವಧಿ ತೀರಿದೊಡನೆ ಉಪಗ್ರಹವು ಪಶ್ಚಿಮಗೋಳಾರ್ಧಕ್ಕೆ ಮರಳಿತು. ೧೯೭೭ರಲ್ಲಿ ಗುಲಬರ್ಗಾದಲ್ಲಿ ಭೂಪ್ರಸಾರ ಕೇಂದ್ರವು ಸ್ಥಾಪಿತವಾಯಿತಾದರೂ ಅಂತಹ ಕೇಂದ್ರದ ವ್ಯಾಪ್ತಿಯು ಗೋಪುರದ ಎತ್ತರಕ್ಕೆ ಸೀಮಿತವಾದದ್ದು. ಆಕಾಶದಿಂದ ಬಂದಂತೆ ಮೂರು ಜಿಲ್ಲೆಗಳ ಮೂಲೆಮೂಲೆಗೂ ಅದು ಮುಟ್ಟುವಂತಿರಲಿಲ್ಲ. ೧೯೮೨ರಲ್ಲಿ ಹಾಸನದಲ್ಲಿ ಉಪಗ್ರಹ ನಿಯಂತ್ರಣ ಕೇಂದ್ರವು ಆರಂಭವಾಗಿ, ೧೯೮೩ರಲ್ಲಿ ಇನ್ಸಾಟ್-೧ಬಿ ಏರಿದ ಮೇಲೆಯೇ ಭಾರತಕ್ಕೆ ಈ ಬಗೆಯ ಸ್ವಂತ ಸೌಕರ್ಯವು ದೃಢವಾಗಿ ಒದಗಿತು.

೩. ಕಡಲಿನ ಸರದಿ

ಹಳ್ಳಿಯ ಪ್ರಯೋಗವು ನಡೆಯುತ್ತಿದ್ದಾಗಲೇ, ೧೯೭೬ರ ಫೆಬ್ರವರಿಯಲ್ಲಿ, ಮೊದಲ 'ಮ್ಯಾರಿಸ್ಯಾಟ್' ಉಪಗ್ರಹವು ಅಟ್ಲಾಂಟಿಕ್ ಸಾಗರದ ಮೇಲೆ ನೆಲೆಗೊಂಡಿತು. ಅದೇ ವರ್ಷ ಪೆಸಿಫಿಕ್, ಹಿಂದೂ ಮಹಾಸಾಗರಗಳಿಗೂ ಒಂದೊಂದು ಒದಗಿದವು. 'ಇನ್ಮಾರ್ಸ್ಯಾಟ್' ಎಂಬ ಅಂತರರಾಷ್ಟ್ರೀಯ ಸಂಸ್ಥೆಯು ೧೯೭೯ರಲ್ಲಿ ಸ್ಥಾಪಿತವಾಗಿ ೧೯೮೨ರಲ್ಲಿ ಸೇವೆಯನ್ನಾರಂಭಿಸಿತು. ೧೯೯೨ರಿಂದ ೧೯೯೯ರ ಫೆಬ್ರವರಿಯ ವರೆಗೆ ಹಂತಹಂತವಾಗಿ ಬಂದ ಹೊಸ ವ್ಯವಸ್ಥೆಯಿಂದ, ಹಡಗಿನ ಮೊರೆಯನ್ನು ಮೋರ್ಸ್ ಸಂಕೇತದಲ್ಲಿ ಬಡಿಯುವ ಪದ್ಧತಿಯು ಕೊನೆಗೊಂಡಿತು. ಮೊದಲು ಬಂದದ್ದು ಕ್ಷೇಮ; ಪ್ರವಾಸಿಯ ಹರಟೆಯು ಆ ಬಳಿಕ ಅದೇ ದಾರಿಯನ್ನು ಹಿಡಿಯಿತು. ಟೈಟಾನಿಕ್ಕಿನ ರಾತ್ರಿಯಲ್ಲಿ ತಲೆಕೆಳಗಾಗಿದ್ದ ಕ್ರಮವು ಹೀಗೆ ನೆಟ್ಟಗಾಯಿತೆನ್ನಬಹುದು.

ವಿಹಾರನೌಕೆಯ ಪ್ರವಾಸಿಗಳಿಗೆ ಈ ಸೌಕರ್ಯವು ಬಹುಕಾಲ ದುಬಾರಿಯಾಗಿಯೂ ಮಂದವಾಗಿಯೂ ಇತ್ತು. ಕಾರಣವು ಗಣಿತದಲ್ಲಿಯೇ ಇದೆ. ಮಾತು ಮೇಲೇರಿ ಕೆಳಗಿಳಿಯಲು ೭೧,೦೦೦ ಕಿಲೋಮೀಟರಿಗೂ ಮಿಗಿಲಾದ ಹಾದಿ. ಬೆಳಕಿನ ವೇಗದಲ್ಲಿ ಅದಕ್ಕೆ ಸುಮಾರು ಕಾಲು ಸೆಕೆಂಡು. ಉತ್ತರವೂ ಬರಬೇಕಾದರೆ ಅರ್ಧ ಸೆಕೆಂಡು. ಮೇಲಾಗಿ ಸಾವಿರಾರು ಜನರು ಒಂದೇ ಕೊಂಡಿಯನ್ನು ಹಂಚಿಕೊಳ್ಳಬೇಕು. ೨೦೧೪ರಿಂದ ಸುಮಾರು ೮,೦೦೦ ಕಿಲೋಮೀಟರ್ ಎತ್ತರದ ಓ೩ಬಿ ಉಪಗ್ರಹಗಳೂ, ೨೦೨೨ರಿಂದ ಸುಮಾರು ೫೫೦ ಕಿಲೋಮೀಟರ್ ಎತ್ತರದ ಸ್ಟಾರ್‌ಲಿಂಕ್ ಉಪಗ್ರಹಗಳೂ ವಿಹಾರನೌಕೆಗಳ ಸೇವೆಗೆ ಬಂದಮೇಲೆ ಈ ಕೊರತೆಯು ಬಹುಮಟ್ಟಿಗೆ ತಗ್ಗಿದೆ.

ನಮ್ಮ ಕರಾವಳಿಯ ಸ್ಥಿತಿಯನ್ನು ಕಾನೂನು ನಿರ್ಣಯಿಸಿತು. ೧೯೭೫ರ ಜನವರಿಯಲ್ಲಿ, ಸೈಟ್ ಪ್ರಯೋಗಕ್ಕೆ ಕೆಲವೇ ತಿಂಗಳು ಮುಂಚೆ, ಉದ್ಘಾಟಿತವಾದ ನವಮಂಗಳೂರು ಬಂದರಿಗೆ ಇಂದು ವಿದೇಶದ ವಿಹಾರನೌಕೆಗಳೂ ಬರುತ್ತವೆ. ಆದರೆ ಪ್ರವಾಸಿಯು ತನ್ನ ಕೈಯ ಉಪಗ್ರಹ ದೂರವಾಣಿಯನ್ನು ಅನುಮತಿಯಿಲ್ಲದೆ ಈ ದೇಶದಲ್ಲಿ ಬಳಸುವಂತಿಲ್ಲ. ೨೦೦೮ರ ನವೆಂಬರಿನಲ್ಲಿ ಕಡಲಮಾರ್ಗವಾಗಿ ಬಂದು ಮುಂಬಯಿಯ ಮೇಲೆ ದಾಳಿಮಾಡಿದವರ ಬಳಿ ಇಂತಹ ಸಾಧನವಿದ್ದುದರಿಂದ ನಿರ್ಬಂಧವು ಮತ್ತಷ್ಟು ಬಿಗಿಯಾಯಿತು. ೨೦೧೮ರ ಡಿಸೆಂಬರಿನ ನಿಯಮಗಳು ಹಡಗು, ವಿಮಾನಗಳಲ್ಲಿ ಮಾತು, ಅಂತರಜಾಲಗಳೆರಡಕ್ಕೂ ದಾರಿ ತೆರೆದವು. ಆದರೆ ಆ ಸಂಪರ್ಕವು ಭಾರತದೊಳಗಿನ ಭೂನಿಲಯದ ಮೂಲಕವೇ ಹಾಯಬೇಕೆಂದು ವಿಧಿಸಿದವು.

೪. ವಿಮರ್ಶೆ

ಈ ಎರಡು ಕಥೆಗಳನ್ನು ಹೋಲಿಸಿದಾಗ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಉಪಗ್ರಹ ಸಂಪರ್ಕವು ಭೋಗವಸ್ತುವಾಗಿ ಹುಟ್ಟಿದುದಲ್ಲ. ಆಪತ್ತಿಗೂ ಅಕ್ಷರಕ್ಕೂ ನೆರವಾಗಲು ಯತ್ನಿಸುತ್ತಲೇ ಅದು ಬೆಳೆಯಿತು. ಎರಡನೆಯದು, ಹಡಗಿನ ಸೇವೆಗೆ ಹಣ ಕೊಡುವವರಿದ್ದರು, ಆದ್ದರಿಂದ ಅದು ನಿರಂತರವಾಯಿತು. ಹಳ್ಳಿಯ ಸೇವೆಯು ಪ್ರಯೋಗವಾಗಿತ್ತು, ಆದ್ದರಿಂದ ವರ್ಷಕ್ಕೆ ಮುಗಿಯಿತು. ಮೂರನೆಯದೇ ಗುರುತರವಾದದ್ದು. ಹಡಗಿನಲ್ಲಿದ್ದವನು ಮೊದಲಿನಿಂದಲೂ ಕೇಳಬಲ್ಲವನಾಗಿದ್ದಂತೆ ಹೇಳಬಲ್ಲವನೂ ಆಗಿದ್ದನು. ೧೯೭೫ರ ಹಳ್ಳಿಯವನು ಕೇಳುವವನು ಮಾತ್ರ. ಅವನ ಗ್ರಾಹಕವು ಗ್ರಾಹಕವೇ ಹೊರತು ಪ್ರೇಷಕವಲ್ಲ. ಮಸ್ಕಿಯ ಬಂಡೆಯಂತೆ ಇದೂ ಒಂದೇ ದಿಕ್ಕಿನ ಮಾತು.

ಇದರಿಂದ ಸೈಟ್ ಪ್ರಯೋಗದ ಹಿರಿಮೆಯು ಕುಗ್ಗುವುದಿಲ್ಲ. ವಿದ್ಯುತ್ತೇ ಅಪರೂಪವಾಗಿದ್ದ ಕಾಲದಲ್ಲಿ, ಮಹಾನಗರಗಳನ್ನು ಬಿಟ್ಟು ಹಿಂದುಳಿದ ಜಿಲ್ಲೆಗಳನ್ನೇ ಮೊದಲು ಆರಿಸಿಕೊಂಡದ್ದು ದೊಡ್ಡ ಧೈರ್ಯ. ೨೦೦೪ರ ಸೆಪ್ಟೆಂಬರಿನಲ್ಲಿ ಹಾರಿದ ಎಜುಸ್ಯಾಟ್ ಉಪಗ್ರಹವನ್ನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಕಾಲೇಜುಗಳಿಗೆ ಜೋಡಿಸಿದಾಗ ವಿದ್ಯಾರ್ಥಿಯು ದೂರದ ಅಧ್ಯಾಪಕನನ್ನು ಮರುಪ್ರಶ್ನಿಸುವ ಅವಕಾಶವೂ ಬಂದಿತು. ಆ ಮರುಪ್ರಶ್ನೆಯ ಹಿಂದೆ ರಾಯಚೂರು ಸೀಮೆಯ ತಂತಿಬಲೆಯ ಗ್ರಾಹಕಗಳ ಅನುಭವವೂ ಉಂಟೆಂಬುದನ್ನು ನಾವು ನೆನೆಯಬೇಕು.

ಆ ವರ್ಷ ಊರ ಪೆಟ್ಟಿಗೆಯ ಮುಂದೆ ಕುಳಿತಿದ್ದ ಮಕ್ಕಳು ಇಂದು ಐವತ್ತು ದಾಟಿದವರು. ಅವರು ಕಂಡದ್ದನ್ನು, ತಿಳಿದದ್ದನ್ನು, ಮರುವರ್ಷ ಪೆಟ್ಟಿಗೆಯು ಮೌನವಾದಾಗ ಆಡಿಕೊಂಡದ್ದನ್ನು ಕೇಳಿ ಬರೆದಿಡುವುದು ಈ ಜಿಲ್ಲೆಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ತಕ್ಕ ಕಾರ್ಯ. ಶಾಸನವು ಎರಡು ಸಾವಿರ ವರ್ಷ ಕಾದೀತು, ನೆನಪು ಕಾಯುವುದಿಲ್ಲ. ಅಂದು ಉತ್ತರಿಸಲು ದಾರಿಯಿಲ್ಲದವರ ಮಾತನ್ನು ಇಂದಾದರೂ ಕೇಳಿದರೆ ಚರಿತ್ರೆಯ ಒಂದು ಸಾಲವನ್ನು ತೀರಿಸಿದಂತಾದೀತೆಂದು ನಮ್ಮ ನಂಬಿಕೆ.